ಬರೆಯುವ ಕಸುಬು, ಓದುವ ಕಸುಬು

ಎಲ್ಲರಿಗೂ ನಮಸ್ಕಾರ. ಎಐ ಬಂದ ಮೇಲೆ ಪ್ರೋಗ್ರಾಮಿಂಗ್ ಎಂಬ ಕಸುಬು ಏನಾಗುತ್ತಿದೆ ಎಂಬುದನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ಉದ್ಯೋಗ ಉಳಿಯುತ್ತದೆಯೋ ಹೋಗುತ್ತದೆಯೋ ಎಂಬ ಭವಿಷ್ಯವನ್ನು ನನ್ನಿಂದ ಹೇಳಿಸಬಾರದು ಎಂಬ ಷರತ್ತಿನ ಮೇಲೆ ಒಪ್ಪಿಕೊಂಡೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೋಡ್ ಬರೆದೇ ಬದುಕಿದವನಾಗಿ, ನನ್ನ ಮೇಜಿನ ಮೇಲೆ ಏನು ಬದಲಾಗಿದೆ ಎಂಬುದನ್ನಷ್ಟೇ ಹೇಳಬಲ್ಲೆ.

ಒಂದು ಸಣ್ಣ ಪ್ರಸಂಗದಿಂದ ತೊಡಗುತ್ತೇನೆ. ಕಳೆದ ವರ್ಷ ಪರಿಚಯದ ಒಂದು ಗ್ರಂಥಾಲಯಕ್ಕೆ ಸದಸ್ಯತ್ವದ ಕಾರ್ಡು ಮುದ್ರಿಸುವ ಪುಟ್ಟ ಪ್ರೋಗ್ರಾಂ ಬೇಕಾಗಿತ್ತು. ಕಾರ್ಡಿನಲ್ಲಿ ಹೆಸರಿಗೆ ಜಾಗ ಕಡಿಮೆಯಿದ್ದುದರಿಂದ ಹನ್ನೆರಡು ಅಕ್ಷರಕ್ಕಿಂತ ಉದ್ದದ ಹೆಸರನ್ನು ಅಲ್ಲಿಗೇ ಕತ್ತರಿಸಬೇಕಿತ್ತು. ಎಐಗೆ ಕನ್ನಡದಲ್ಲೇ ವಿವರಿಸಿದೆ. ಅರ್ಧ ನಿಮಿಷದಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅಚ್ಚುಕಟ್ಟಾದ ಕೋಡ್ ಬಂತು, ಅದರ ಹಿಂದೆಯೇ ಅದನ್ನು ಪರೀಕ್ಷಿಸುವ ಟೆಸ್ಟ್‌ಗಳೂ ಬಂದವು, ಟೆಸ್ಟ್‌ಗಳೆಲ್ಲ ಪಾಸಾದವು. ಮುದ್ರಣವಾಗಿ ಬಂದ ಕಾರ್ಡಿನಲ್ಲಿ ಮಾತ್ರ ವೆಂಕಟೇಶಮೂರ್ತಿ ಎಂಬ ಹೆಸರು ‘ವೆಂಕಟೇಶಮೂರ್ತ’ ಆಗಿತ್ತು.

ಕಾಗುಣಿತ ಕಲಿತ ಯಾರೂ ಈ ಹೆಸರನ್ನು ಆರು ಅಕ್ಷರವೆಂದೇ ಎಣಿಸುತ್ತಾರೆ: ವೆಂ, ಕ, ಟೇ, ಶ, ಮೂ, ರ್ತಿ. ಹಾಗಾಗಿ ಇದನ್ನು ಕತ್ತರಿಸುವ ಪ್ರಶ್ನೆಯೇ ಏಳುವುದಿಲ್ಲ. ಆದರೆ ಕಂಪ್ಯೂಟರ್ ಲಿಪಿಗಳನ್ನು ಗುರುತಿಸುವ ಯೂನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ಅದು 13 ಸಂಕೇತಗಳ ಸಾಲು: ವ, ಎತ್ವ, ಸೊನ್ನೆ, ಕ, ಟ, ಏತ್ವ, ಶ, ಮ, ಕೊಂಬಿನ ಇಳಿ, ರ, ಹಲಂತ, ತ, ಗುಡಿಸು. ಪೈಥಾನ್ ಎಣಿಸುವುದು ಈ ಸಂಕೇತಗಳನ್ನು. ಹನ್ನೆರಡಕ್ಕೆ ಕತ್ತರಿ ಹಾಕಿದಾಗ ಕೊನೆಯ ಗುಡಿಸು ಉದುರಿಹೋಯಿತು. ತಪ್ಪನ್ನು ತೋರಿಸಿದೊಡನೆ ಎಐ ವಿನಯದಿಂದ ಒಪ್ಪಿಕೊಂಡು (ಅದರ ವಿನಯಕ್ಕೆ ಕೊನೆಯಿಲ್ಲ) ಬೇರೊಂದು ವಿಧಾನ ಸೂಚಿಸಿತು. ಅದು ಮೊದಲಿನದಕ್ಕಿಂತ ಎಷ್ಟೋ ಮೇಲಾಗಿತ್ತಾದರೂ ಒತ್ತಕ್ಷರದ ನಡುವೆ ಒಡೆಯುತ್ತಿತ್ತು. ‘ರ್ತಿ’ಯನ್ನು ‘ರ್’ ಮತ್ತು ‘ತಿ’ ಎಂದು ಬಿಡಿಸಿ ಆರರ ಬದಲು ಏಳೆಂದು ಎಣಿಸುತ್ತಿತ್ತು. ಮೂರನೆಯ ಸಲಕ್ಕೆ, ಅಕ್ಷರವೆಂದರೆ ಏನೆಂದು ನಾನೇ ಒಂದು ಪ್ಯಾರಾ ಬರೆದುಕೊಟ್ಟ ಮೇಲೆ, ಕೋಡ್ ಸರಿಯಾಯಿತು.

ಇದನ್ನು ಎಐಯನ್ನು ಹಂಗಿಸುವುದಕ್ಕಾಗಿ ಹೇಳುತ್ತಿಲ್ಲ. ಪೈಥಾನ್ ಬರೆಯುವುದರಲ್ಲಿ ಅದು ಎಲ್ಲಿಯೂ ಎಡವಲಿಲ್ಲ. ಜಗತ್ತಿನ ಬಹುಪಾಲು ಕೋಡ್‌ನಲ್ಲಿ ಅಕ್ಷರವೆಂಬುದಕ್ಕೆ ಯಾವ ಅರ್ಥವಿದೆಯೋ ಅದನ್ನೇ ಅದು ಹಿಡಿಯಿತು, ಅದು ಬರೆದ ಟೆಸ್ಟ್‌ಗಳೂ ಅದೇ ಅರ್ಥವನ್ನು ಹಿಡಿದವು. ತಪ್ಪು ತಿಳಿದವನೇ ಪ್ರಶ್ನೆಪತ್ರಿಕೆಯನ್ನೂ ಬರೆದರೆ ನೂರಕ್ಕೆ ನೂರು ಅಂಕ ಬರುವುದು ಸಹಜ. ಅದಕ್ಕೆ ತಿಳಿಯದೇ ಹೋದದ್ದು, ಈ ಗ್ರಂಥಾಲಯದ ಕಾರ್ಡಿನ ಮೇಲೆ, ಈ ಓದುಗರ ಕಣ್ಣಿಗೆ ಅಕ್ಷರವೆಂದರೆ ಏನು ಎಂಬುದು.

ಡೆನ್ಮಾರ್ಕ್‌ನ ಗಣಕ ವಿಜ್ಞಾನಿ ಪೀಟರ್ ನೌರ್ ಅವರು 1985ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಪ್ರೋಗ್ರಾಮಿಂಗ್‌ನ ನಿಜವಾದ ಫಲ ಕೋಡ್ ಅಲ್ಲ, ಅದನ್ನು ಕಟ್ಟಿದವರ ತಲೆಯಲ್ಲಿ ಬೆಳೆಯುವ ತಿಳಿವಳಿಕೆ ಎಂದು ವಾದಿಸಿದರು. ಅವರು ಕೊಡುವ ಉದಾಹರಣೆ ಇಂದಿಗೂ ಹಳೆಯದಾಗಿಲ್ಲ. ಒಂದು ತಂಡ ಒಂದು ಕಂಪೈಲರ್ (ಪ್ರೋಗ್ರಾಮರ್ ಬರೆದದ್ದನ್ನು ಯಂತ್ರಸಂಕೇತಕ್ಕೆ ಅನುವಾದಿಸುವ ಪ್ರೋಗ್ರಾಂ) ಕಟ್ಟಿತ್ತು. ಇನ್ನೊಂದು ತಂಡ ಅದನ್ನು ಪಡೆದು ವಿಸ್ತರಿಸಹೊರಟಿತು. ಎರಡನೆಯವರಿಗೆ ಇಡೀ ಕೋಡ್ ಸಿಕ್ಕಿತ್ತು, ದಾಖಲೆಗಳು ಸಿಕ್ಕಿದ್ದವು, ಕಟ್ಟಿದವರ ಸಲಹೆಯೂ ಸಿಗುತ್ತಿತ್ತು. ಆದರೂ ಅವರು ಸೂಚಿಸಿದ ಹಲವು ಮಾರ್ಪಾಡುಗಳು ಮೂಲ ರಚನೆಯ ಶಕ್ತಿಯನ್ನೇ ಕೆಡಿಸುವಂತಿದ್ದವು. ಕಟ್ಟಿದವರು ನೋಡಿದ ತಕ್ಷಣ ಅದನ್ನು ಗುರುತಿಸಿ, ಇರುವ ರಚನೆಯೊಳಗೇ ಸರಳ ದಾರಿ ತೋರಿಸಿದರು. ಮುಂದೆ ಮೊದಲ ತಂಡದ ಸಂಪರ್ಕ ತಪ್ಪಿಹೋಗಿ, ವರ್ಷಗಳ ನಂತರ ನೋಡಿದರೆ ಆ ರಚನೆ ಇನ್ನೂ ಕಾಣುತ್ತಿತ್ತಾದರೂ ತೇಪೆಗಳಡಿ ನಿಷ್ಪ್ರಯೋಜಕವಾಗಿತ್ತು.

ಆ ತಿಳಿವಳಿಕೆ ನಮಗೆ ಎಲ್ಲಿಂದ ಬರುತ್ತಿತ್ತು ಎಂದು ಯೋಚಿಸಿ. ಬಹುಮಟ್ಟಿಗೆ ಬರೆಯುವ ಶ್ರಮದಿಂದಲೇ ಬರುತ್ತಿತ್ತು. ಒಂದು ಫಂಕ್ಷನ್ ಬರೆಯಲು ಕೂತವನು ಎರಡು ಗಂಟೆ ಒದ್ದಾಡುವಾಗ, ಹೆಸರು ಖಾಲಿಯಿದ್ದರೆ ಏನು, ಒಬ್ಬರೇ ಎರಡು ಬಾರಿ ಬಂದರೆ ಏನು ಎಂಬ ಪ್ರಶ್ನೆಗಳು ಬೇಡವೆಂದರೂ ಎದುರಾಗುತ್ತಿದ್ದವು. ಈಗ ಬರೆಯುವ ಶ್ರಮ ಹೋಗಿದೆ, ಅದರ ಜೊತೆಗೆ ಉಚಿತವಾಗಿ ಬರುತ್ತಿದ್ದ ಈ ತಿಳಿವಳಿಕೆಯೂ ಹೋಗಿದೆ. ಗಿಟ್‌ಹಬ್ ಕೋಪೈಲಟ್ ಎಂಬ ಎಐ ಉಪಕರಣ 2021ರ ಜೂನ್‌ನಲ್ಲಿ ಪ್ರಾಯೋಗಿಕವಾಗಿ ಹೊರಬಂದಾಗ ಅದು ಮುಖ್ಯವಾಗಿ ಮುಂದಿನ ಕೆಲವು ಸಾಲುಗಳನ್ನು ಊಹಿಸಿ ಕೊಡುತ್ತಿತ್ತು. ಓದದೆ ಮುಂದೆ ಹೋಗುವುದು ಕಷ್ಟವಿತ್ತು. ಇಂದಿನ ಏಜೆಂಟ್‌ಗಳು, ಅಂದರೆ ಕೊಟ್ಟ ಕೆಲಸವನ್ನು ತಾವೇ ಹಂತಹಂತವಾಗಿ ಮಾಡುವ ಎಐಗಳು, ಹತ್ತು ಫೈಲ್‌ಗಳನ್ನು ಒಟ್ಟಿಗೆ ತಿದ್ದಿ, ತಾವೇ ಓಡಿಸಿ ನೋಡಿ, ಮುಗಿಯಿತೆಂದು ವರದಿ ಒಪ್ಪಿಸುತ್ತವೆ. ಓದದಿರುವುದೇ ಸುಲಭ.

ಲಾಭವನ್ನು ಮರೆಮಾಚಿದರೆ ಅಪ್ರಾಮಾಣಿಕತೆಯಾದೀತು. ಹಳೆಯ ಎಕ್ಸೆಲ್ ಹಾಳೆಯನ್ನು ಡೇಟಾಬೇಸ್‌ಗೆ ತುಂಬುವುದು, ಅಪರಿಚಿತ ಭಾಷೆಯ ಕೋಡ್ ಏನು ಮಾಡುತ್ತಿದೆ ಎಂದು ತಿಳಿಯುವುದು, ಒಮ್ಮೆ ಬಳಸಿ ಬಿಸಾಡುವ ಸ್ಕ್ರಿಪ್ಟ್ ಬರೆಯುವುದು, ಇವೆಲ್ಲ ನನಗೆ ದಿನದ ಕೆಲಸವಾಗಿದ್ದದ್ದು ಗಂಟೆಯ ಕೆಲಸವಾಗಿದೆ. ಹಿಂದಿರುಗಿ ಹೋಗುವ ಆಸೆ ನನಗಿಲ್ಲ.

ಇದೇನೂ ಹೊಸದಲ್ಲ, 1957ರಲ್ಲಿ ಐಬಿಎಂನ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂದಾಗಲೂ ಕೈಯಾರೆ ಯಂತ್ರಸಂಕೇತ ಬರೆಯುತ್ತಿದ್ದವರು ಅನುಮಾನಪಟ್ಟಿದ್ದರು ಎಂದು ಕೆಲವರು ಹೇಳುತ್ತಾರೆ. ಹೋಲಿಕೆ ಅರ್ಧ ಮಾತ್ರ ಸರಿ. ಫೋರ್ಟ್ರಾನ್‌ನಲ್ಲಿ ಬರೆದವರು ತಾವು ಬರೆದದ್ದನ್ನು ಕಾಪಿಟ್ಟುಕೊಂಡು ಕಂಪೈಲರ್ ಹೊರಡಿಸಿದ್ದನ್ನು ಮರೆಯಬಹುದಿತ್ತು, ಏಕೆಂದರೆ ಭಾಷೆಯ ಪ್ರತಿ ಸಾಲಿಗೂ ಗೊತ್ತುಪಡಿಸಿದ ಅರ್ಥವಿತ್ತು. ನಾವು ಮಾಡುತ್ತಿರುವುದು ಅದರ ತಿರುವುಮುರುವು: ಎಐಗೆ ಹೇಳಿದ ಮಾತನ್ನು ಎಸೆದು, ಅದು ಹೊರಡಿಸಿದ್ದನ್ನು ಕಾಪಿಡುತ್ತೇವೆ. ‘ಅಕ್ಷರ’ ಎಂಬ ಪದಕ್ಕೆ ನಾನು ಬರೆದ ಆ ಒಂದು ಪ್ಯಾರಾ ಚಾಟ್‌ನಲ್ಲೇ ಕಳೆದುಹೋಗುವುದರಲ್ಲಿತ್ತು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರೋಗ್ರಾಂನಲ್ಲಿ ಬೆಲೆಬಾಳುವುದು ಅದೊಂದೇ.

ವೇಗದ ಬಗ್ಗೆ ನಮ್ಮ ಅಂದಾಜನ್ನೇ ನಂಬುವಂತಿಲ್ಲ. ಅಮೆರಿಕದ ಮೆಟರ್ ಎಂಬ ಸಂಶೋಧನಾ ಸಂಸ್ಥೆ 2025ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 16 ಮಂದಿ ಅನುಭವಿ ಪ್ರೋಗ್ರಾಮರ್‌ಗಳು ತಾವೇ ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಮುಕ್ತ ತಂತ್ರಾಂಶಗಳಲ್ಲಿ 246 ಕೆಲಸಗಳನ್ನು ಮಾಡಿದರು. ಕೆಲವಕ್ಕೆ ಎಐ ಬಳಸಲು ಅನುಮತಿಯಿತ್ತು, ಕೆಲವಕ್ಕೆ ಇರಲಿಲ್ಲ. ಎಐಯಿಂದ ಶೇ. 24ರಷ್ಟು ಸಮಯ ಉಳಿಯುತ್ತದೆಂದು ಅವರು ಮೊದಲು ಎಣಿಸಿದ್ದರು, ಕೆಲಸ ಮುಗಿದ ಮೇಲೂ ಶೇ. 20ರಷ್ಟು ಉಳಿಯಿತೆಂದೇ ನಂಬಿದ್ದರು. ಅಳೆದು ನೋಡಿದರೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಅದು 2025ರ ಆರಂಭದ ಉಪಕರಣಗಳ ಮಾತು, ತಮ್ಮ ಕೋಡ್‌ನ ಮೂಲೆಮೂಲೆ ಬಲ್ಲವರ ಮಾತು. ಅದನ್ನು ಎಲ್ಲರಿಗೂ ಅನ್ವಯಿಸಲಾಗದು. ನನ್ನನ್ನು ಕಾಡುವುದು ನಿಧಾನವಾದದ್ದಲ್ಲ, ನಿಧಾನವಾದದ್ದು ಅವರಿಗೇ ಗೊತ್ತಾಗಲಿಲ್ಲ ಎಂಬುದು.

ಈಗ ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳ ವಿಷಯ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ನಾಲ್ಕು ವರ್ಷ ಬರೆಯುವುದನ್ನೇ ಕಲಿಸಿದೆವು. ಲ್ಯಾಬ್ ರೆಕಾರ್ಡ್‌ಗೆ ಪ್ರೋಗ್ರಾಂ ಇಳಿಸುವುದು, ಔಟ್‌ಪುಟ್ ಬರೆಯುವುದು, ಸಹಿ ಹಾಕಿಸಿಕೊಳ್ಳುವುದು. ಬೇರೆಯವರು ಬರೆದ ಐನೂರು ಸಾಲು ಕೊಟ್ಟು ಇದರಲ್ಲಿ ಏನು ಕೆಟ್ಟಿದೆ ಹೇಳು ಎಂದು ಕೇಳಿದ ಪರೀಕ್ಷೆಯನ್ನು ನಾನು ಬರೆದಿಲ್ಲ. ಬರೆಯುವುದು ಅಗ್ಗವಾಗಿ ಓದುವುದು ದುಬಾರಿಯಾದ ಕಾಲಕ್ಕೆ ನಾವು ತಲೆಕೆಳಗಾದ ತಯಾರಿ ಮಾಡಿಕೊಂಡು ಬಂದಿದ್ದೇವೆ. ವೈವಾ ಒಂದೇ ಈಗ ಉಪಯೋಗಕ್ಕೆ ಬರಬಹುದಾದದ್ದು, ಅದನ್ನು ಐದು ನಿಮಿಷದ ಶಾಸ್ತ್ರವಾಗಿಸದೆ ನಿಜವಾಗಿ ನಡೆಸುವುದಾದರೆ.

ನನ್ನ ಬಳಿ ಹೊಸದಾಗಿ ಸೇರುವವರಿಗೆ ನಾನೊಂದು ಅಭ್ಯಾಸ ಇಟ್ಟಿದ್ದೇನೆ. ಎಐ ಬರೆದು ಸರಿಯಾಗಿ ನಡೆಯುತ್ತಿರುವ ಪ್ರೋಗ್ರಾಂನಿಂದ ಒಂದು ಸಾಲು ತೆಗೆದು ಕೊಡುತ್ತೇನೆ. ಓಡಿಸುವ ಮೊದಲು, ಯಾರಿಗೆ ಯಾವ ತೊಂದರೆಯಾಗುತ್ತದೆ ಎಂದು ಹೇಳಬೇಕು. ಈಚೆಗೆ ಅದೇ ಗ್ರಂಥಾಲಯದ ಪ್ರೋಗ್ರಾಂ ಕೊಟ್ಟೆ. ಏತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಅವನ್ನು ಒಂದೇ ರೂಪಕ್ಕೆ ತರುವ ಸಾಲನ್ನು ತೆಗೆದಿದ್ದೆ. ಸೇರಿ ಎರಡು ತಿಂಗಳಾಗಿದ್ದ ಹುಡುಗಿ ಇಪ್ಪತ್ತು ನಿಮಿಷ ಸುಮ್ಮನೆ ಓದಿ, “ಲೋಕೇಶ್ ಅನ್ನೋರಿಗೆ ಎರಡು ಕಾರ್ಡ್ ಬರುತ್ತೆ ಸರ್” ಎಂದಳು. ಸರಿಯೆಂದೆ. ಅವಳು ಏಳಲಿಲ್ಲ. “ಆದರೆ ಸರ್, ಹಳೇ ಸದಸ್ಯರ ಪಟ್ಟಿ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದಲ್ವಾ? ಹಳೇ ನುಡಿ ಫಾಂಟ್ ಯೂನಿಕೋಡೇ ಅಲ್ಲವಲ್ಲ, ಅದನ್ನು ಯಾರು ಬದಲಾಯಿಸಿದರು?” ಎಂದು ಕೇಳಿದಳು. ಆ ಪ್ರಶ್ನೆಯನ್ನು ಎಐ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಂದು ಸಂಜೆಯವರೆಗೆ ಇಬ್ಬರೂ ಕೂತು ಹಳೆಯ ಫೈಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿದೆವು.