ಕರ್ನಲ್ಲನ್ನೇ ಕೇಳೋಣ: ಪ್ರೊಸೆಸರಿನೊಳಗಿನ ವಾರ್ಡು, ಮನೆ, ನೀರು

ಎಲ್ಲರಿಗೂ ನಮಸ್ಕಾರ. ಮಂಜೇಶ್ವರ, ಕುಂಬಳೆ, ಪೆರ್ಲ, ಬದಿಯಡ್ಕ ಕಡೆಯಿಂದ ಬೆಳಗ್ಗೆಯೇ ಬಸ್ಸು ಹಿಡಿದು ಬಂದಿದ್ದೀರಿ. ಕಂಪ್ಯೂಟರಿನ ಒಳಗಿನ ವಿಷಯವನ್ನು ಕನ್ನಡದಲ್ಲೇ ಹೇಳಬೇಕು ಎಂದು ಟೀಚರ್ ಫೋನ್ ಮಾಡಿದಾಗ ತುಂಬ ಖುಷಿಯಾಯಿತು. ನಾನೂ ಇಲ್ಲಿಯ, ಕಾಸರಗೋಡಿನ, ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿತವನೇ.

ಪ್ರೊಸೆಸರಿನೊಳಗೆ ಏನೇನಿದೆ ಎಂದು ಕರ್ನಲ್ಲನ್ನೇ, ಅಂದರೆ ಯಂತ್ರವನ್ನು ನಡೆಸುವ ಲಿನಕ್ಸಿನ ತಿರುಳನ್ನೇ, ಕೇಳುವುದು ಹೇಗೆ ಎಂಬುದು ಇವತ್ತಿನ ವಿಷಯ. ನನ್ನ ಕೆಲಸದಲ್ಲಿ ಆದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಹಳೆ ಕನ್ನಡ ಪತ್ರಿಕೆಗಳ ಸ್ಕ್ಯಾನ್ ಪುಟಗಳಿದ್ದವು. ಚಿತ್ರದಿಂದ ಅಕ್ಷರ ತೆಗೆಯುವ ಟೆಸರಾಕ್ಟ್ ಎಂಬ ಪ್ರೋಗ್ರಾಂಗೆ ಅವನ್ನು ಕೊಡಬೇಕಿತ್ತು. ಪುಟಗಳನ್ನು ಎರಡು ಪಾಲು ಮಾಡಿದೆ. ಒಂದು ಪಾಲು ಸಿಪಿಯು 0 ರಲ್ಲಿ, ಇನ್ನೊಂದು ಸಿಪಿಯು 1 ರಲ್ಲಿ ಓಡಲಿ ಎಂದು ಟಾಸ್ಕ್‌ಸೆಟ್ ಕಮಾಂಡಿನಿಂದ ಕಟ್ಟಿಹಾಕಿದೆ. ಹಳೆ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನಡೆಯಿತು. ಆಮೇಲೆ ಹೊಸ ಯಂತ್ರ ಬಂತು. ಅದೇ ಸ್ಕ್ರಿಪ್ಟು, ಅದೇ ಪುಟಗಳು. ಬೇಗ ಮುಗಿಯಬೇಕಿತ್ತು ಅಲ್ವಾ? ಹಳೆಯದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಎರಡು ದಿನ ಡಿಸ್ಕ್ ನೋಡಿದೆ, ಮೆಮೊರಿ ನೋಡಿದೆ. ತಪ್ಪು ಅಲ್ಲಿರಲಿಲ್ಲ. ಹೊಸ ಯಂತ್ರದಲ್ಲಿ 0 ಮತ್ತು 1 ಎರಡು ಬೇರೆ ಕೋರ್‌ಗಳಲ್ಲ, ಒಂದೇ ಕೋರಿನ ಎರಡು ಥ್ರೆಡ್‌ಗಳು. ಕೋರ್ ಅಂದರೆ ಪ್ರೊಸೆಸರಿನೊಳಗೆ ನಿಜವಾಗಿ ಲೆಕ್ಕ ಮಾಡುವ ಭಾಗ. ಥ್ರೆಡ್ ಅಂದರೆ ಅದರಲ್ಲಿ ಓಡುವ ಒಂದು ಕೆಲಸದ ಸಾಲು. ಉಳಿದ ಕೋರ್‌ಗಳೆಲ್ಲ ಸುಮ್ನೆ ಕೂತಿದ್ದವು. ಹಳೆಯದರಲ್ಲಿ ಜೋಡಿ 0 ಮತ್ತು 2 ಆಗಿತ್ತು.

ಒಂದು ಕೋರಿಗೆ ಎರಡು ಥ್ರೆಡ್ ಅಂದರೆ ಒಂದು ಅಡುಗೆಮನೆ, ಇಬ್ಬರು ಅಡುಗೆಯವರು ಎಂದಿಟ್ಟುಕೊಳ್ಳಿ. ಒಬ್ಬರು ನೀರು ಕುದಿಯಲಿ ಎಂದು ಕಾಯುವಾಗ ಇನ್ನೊಬ್ಬರು ರುಬ್ಬುವ ಕಲ್ಲಿನಲ್ಲಿ ಕೂರಬಹುದು. ಹಾಗಾಗಿ ಲಾಭ ಇದೆ. ಆದರೆ ಇಬ್ಬರಿಗೂ ಒಂದೇ ಹೊತ್ತಿಗೆ ರುಬ್ಬುವುದಿದ್ದರೆ ಒಬ್ಬರು ಕಾಯಲೇಬೇಕು. ಇಂಟೆಲ್ ಇದನ್ನು 2002 ರಲ್ಲಿ ಹೈಪರ್‌ಥ್ರೆಡಿಂಗ್ ಎಂಬ ಹೆಸರಿನಲ್ಲಿ ತಂದಿತು. ಅಂದಿನಿಂದ 'ಈ ಯಂತ್ರದಲ್ಲಿ ಎಷ್ಟು ಸಿಪಿಯು ಇದೆ?' ಎಂಬ ಪ್ರಶ್ನೆಗೆ ಒಂದೇ ಉತ್ತರ ಸಾಲದಾಯಿತು.

ಉತ್ತರ ಎಲ್ಲಿದೆ? ಲಿನಕ್ಸ್ ಕರ್ನಲ್ ಅದನ್ನು ಬಚ್ಚಿಟ್ಟಿಲ್ಲ. ಫೈಲುಗಳ ರೂಪದಲ್ಲಿ ಎದುರಿಗೇ ಇಟ್ಟಿದೆ. ಮೊದಲು ಇದ್ದದ್ದು ಪ್ರೋಕ್ ಫೋಲ್ಡರಿನೊಳಗಿನ ಸಿಪಿಯುಇನ್ಫೋ. ಅದು ಮನುಷ್ಯರು ಓದಲಿ ಎಂದು ಬರೆದ ಉದ್ದ ಪಟ್ಟಿ. ಇಂಟೆಲ್ ಯಂತ್ರದಲ್ಲಿ ಅದರ ಸಾಲುಗಳು ಒಂದು ಥರ, ಫೋನ್‌ಗಳಲ್ಲಿರುವಂಥ ಆರ್ಮ್ ಚಿಪ್ಪಿನ ಯಂತ್ರದಲ್ಲಿ ಇನ್ನೊಂದು ಥರ. ಅದನ್ನು ನಂಬಿ ಪ್ರೋಗ್ರಾಂ ಬರೆದವರು ಯಂತ್ರ ಬದಲಾದಾಗ ಕಷ್ಟಪಟ್ಟಿದ್ದಾರೆ. 2003 ರ ಡಿಸೆಂಬರಿನಲ್ಲಿ ಬಂದ 2.6 ಕರ್ನಲ್ಲಿನ ಜೊತೆ ಸಿಸ್‌ಎಫ್‌ಎಸ್ ಬಂತು, ಯಂತ್ರದ ವಿವರಗಳನ್ನು ಫೈಲುಗಳಾಗಿ ತೋರಿಸುವ ವ್ಯವಸ್ಥೆ. ಅದರ ನಿಯಮ ನನಗೆ ತುಂಬ ಇಷ್ಟ: ಒಂದು ಫೈಲು, ಒಂದು ವಿಷಯ.

ದಾರಿಯನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಸಿಸ್, ಅದರೊಳಗೆ ಡಿವೈಸಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಸಿಪಿಯು. ಅಲ್ಲಿ ಸಿಪಿಯು0, ಸಿಪಿಯು1 ಎಂದು ಒಂದೊಂದಕ್ಕೂ ಒಂದು ಫೋಲ್ಡರ್. ಪ್ರತಿಯೊಂದರ ಒಳಗೂ ಟೊಪಾಲಜಿ ಎಂಬ ಫೋಲ್ಡರ್ ಇದೆ, ಯಾವುದು ಯಾವುದರೊಳಗೆ ಎಂಬ ನಕ್ಷೆ. ಈ ಫೈಲುಗಳು ಡಿಸ್ಕಿನ ಮೇಲೆ ಇಲ್ಲ ಎಂಬುದು ನೆನಪಿರಲಿ. ನೀವು ತೆರೆದ ಕ್ಷಣದಲ್ಲಿ ಕರ್ನಲ್ ಉತ್ತರ ಬರೆದು ಕೊಡುತ್ತದೆ.

ಅಲ್ಲಿ ಕೋರ್ ಐಡಿ ಎಂಬ ಫೈಲಿದೆ. ಇದನ್ನು ನೋಡುವಾಗ ಜಾಗ್ರತೆ. ನಮ್ಮ ಪಂಚಾಯತಿನ ಮನೆ ನಂಬರ್ ಹೇಗಿರುತ್ತದೆ? ಮೊದಲು ವಾರ್ಡು, ಆಮೇಲೆ ಗೆರೆ, ಆಮೇಲೆ ಮನೆ. ಸುಮ್ನೆ '243' ಎಂದು ಕಾಗದದ ಮೇಲೆ ಬರೆದರೆ ಪೋಸ್ಟ್‌ಮ್ಯಾನ್ ಎಲ್ಲಿಗೆ ಹೋಗಬೇಕು? 243 ಪ್ರತಿ ವಾರ್ಡಿನಲ್ಲೂ ಇರಬಹುದು. ಕೋರ್ ಐಡಿಯೂ ಹಾಗೆಯೇ. ಎರಡು ಪ್ರೊಸೆಸರ್ ಚಿಪ್ ಇರುವ ಸರ್ವರಿನಲ್ಲಿ ಎರಡರಲ್ಲೂ 0 ನಂಬರಿನ ಕೋರ್ ಇರಬಹುದು. ವಾರ್ಡು, ಅಂದರೆ ಯಾವ ಚಿಪ್ಪು ಎಂದು, ತಿಳಿಯಲು ಫಿಸಿಕಲ್ ಪ್ಯಾಕೇಜ್ ಐಡಿ ಎಂಬ ಇನ್ನೊಂದು ಫೈಲನ್ನು ಜೊತೆಗೆ ಓದಬೇಕು. ಕೋರ್ ನಂಬರ್ ಸಾಲಾಗಿ ಬರಬೇಕೆಂದೂ ಇಲ್ಲ. 0, 4, 8, 12 ಎಂದು ಹಾರುವುದೂ ಉಂಟು. ಕೊನೆಯ ನಂಬರ್ ನೋಡಿ 'ಇಷ್ಟು ಕೋರ್' ಎಂದು ಹೇಳಿದರೆ ಲೆಕ್ಕ ತಪ್ಪುತ್ತದೆ.

ನನ್ನ ಎರಡು ದಿನ ಉಳಿಸುತ್ತಿದ್ದ ಫೈಲು ಥ್ರೆಡ್ ಸಿಬ್ಲಿಂಗ್ಸ್ ಲಿಸ್ಟ್. ಸಿಪಿಯು0 ರ ಟೊಪಾಲಜಿಯಲ್ಲಿ ಅದನ್ನು ತೆರೆದರೆ ಹಳೆ ಯಂತ್ರ '0,2' ಎನ್ನುತ್ತದೆ. ಹೊಸ ಯಂತ್ರ '0-1' ಎನ್ನುತ್ತದೆ. ಅಷ್ಟೇ. ಕೊನೆಯ 'ಲಿಸ್ಟ್' ಇಲ್ಲದ ಇನ್ನೊಂದು ಫೈಲೂ ಅಲ್ಲೇ ಇದೆ. ಅದು ಇದೇ ವಿಷಯವನ್ನು ಬಿಟ್‌ಗಳಲ್ಲಿ ಹೇಳುತ್ತದೆ. 4 ಸಿಪಿಯು ಇರುವ ಹಳೆ ಲ್ಯಾಪ್‌ಟಾಪಿನಲ್ಲಿ ಅದು '5'. ಐದು ಯಾಕೆ? ಬೈನರಿಯಲ್ಲಿ ಬರೆಯಿರಿ: 0101. ಬಲದಿಂದ ಎಣಿಸಿ. ಸೊನ್ನೆಯನೆಯ ಜಾಗದಲ್ಲಿ 1, ಎರಡನೆಯ ಜಾಗದಲ್ಲಿ 1. ಅಂದರೆ ಸಿಪಿಯು 0 ಮತ್ತು 2. ಪ್ಲಸ್ ಟೂನಲ್ಲಿ ಕಲಿತ ಬೈನರಿ ಎಲ್ಲಿ ಬೇಕಾಗುತ್ತದೆ ಎಂದು ಯಾರಾದರೂ ಕೇಳಿದರೆ ಈ ಫೈಲನ್ನು ತೋರಿಸಿ.

ಥ್ರೆಡ್ ಸಿಬ್ಲಿಂಗ್ಸ್ ಲಿಸ್ಟ್ ಫೈಲಿಗೆ ಈಗ ಕೋರ್ ಸಿಪಿಯೂಸ್ ಲಿಸ್ಟ್ ಎಂಬ ಹೊಸ ಹೆಸರು ಬಂದಿದೆ. ಆದರೂ ಹಳೆ ಹೆಸರನ್ನು ಕಿತ್ತುಹಾಕಿಲ್ಲ. ಹಳೆ ಹೆಸರು ನಂಬಿ ಬರೆದ ಪ್ರೋಗ್ರಾಂ ಮುರಿಯಬಾರದು ಎಂಬುದು ಕರ್ನಲ್ ಮಾಡುವವರ ಹಠ. ಮಂಜೇಶ್ವರ ಎಂದು ಬರೆದ ಕಾಗದವೂ ಮುಟ್ಟಬೇಕು, ಮಲಯಾಳದ ಹಾಗೆ ಮಂಜೇಶ್ವರಂ ಎಂದು ಬರೆದದ್ದೂ ಮುಟ್ಟಬೇಕು. ಆ ಕಾಳಜಿ ಎಷ್ಟು ದೊಡ್ಡದು ಎಂದು ಗಡಿಯಲ್ಲಿ ಬದುಕುವ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ನೀರಿನ ಲೆಕ್ಕ. ನಿಮ್ಮಲ್ಲಿ ಎಷ್ಟು ಜನರ ಮನೆಗೆ ಸುರಂಗದ ನೀರು? ಹೌದಾ, ಇಷ್ಟು ಜನರಾ! ಗುಡ್ಡದ ಸುರಂಗದಿಂದ ಬಂದ ನೀರು ಟ್ಯಾಂಕಿಗೆ ಬೀಳುತ್ತದೆ. ಕೆಲವು ಕಡೆ ಒಂದೇ ಟ್ಯಾಂಕಿಯಿಂದ ಎರಡು ಮೂರು ಮನೆ ನೀರು ತೆಗೆದುಕೊಳ್ಳುತ್ತವೆ. ಅಡುಗೆಮನೆಯ ಕೊಡ ಮಾತ್ರ ಅವರವರದ್ದು. ಪ್ರೊಸೆಸರಿನ ಕ್ಯಾಶ್, ಅಂದರೆ ಬೇಕಾದ ಡೇಟಾವನ್ನು ಹತ್ತಿರ ಇಟ್ಟುಕೊಳ್ಳುವ ವೇಗದ ಮೆಮೊರಿ, ಇದೇ ಥರ. ಮೊದಲ ಮಟ್ಟದ ಕ್ಯಾಶ್ ಕೊಡದ ಹಾಗೆ, ಚಿಕ್ಕದು, ಕೈಗೆ ಸಿಗುವಷ್ಟು ಹತ್ತಿರ. ಮೂರನೆಯದು ಟ್ಯಾಂಕಿ, ಹಲವು ಕೋರ್ ಸೇರಿ ಬಳಸುವಂಥದ್ದು. ಯಾವ ಕ್ಯಾಶಿನಿಂದ ಯಾರ್ಯಾರು ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಕರ್ನಲ್ ಬರೆದಿಟ್ಟಿದೆ. ಸಿಪಿಯು0 ರೊಳಗೆ ಕ್ಯಾಶ್ ಫೋಲ್ಡರ್, ಅದರಲ್ಲಿ ಇಂಡೆಕ್ಸ್0, ಇಂಡೆಕ್ಸ್1 ಹೀಗೆ. ಒಂದೊಂದರಲ್ಲೂ ಲೆವೆಲ್, ಸೈಜ್, ಶೇರ್ಡ್ ಸಿಪಿಯು ಲಿಸ್ಟ್. ಇಂಡೆಕ್ಸ್ ಸಂಖ್ಯೆಯೇ ಮಟ್ಟ ಎಂದುಕೊಳ್ಳಬೇಡಿ. ಮೊದಲ ಮಟ್ಟದಲ್ಲೇ ಡೇಟಾಕ್ಕೆ ಒಂದು, ಇನ್‌ಸ್ಟ್ರಕ್ಷನ್‌ಗೆ ಒಂದು ಇರುವುದರಿಂದ ಸಂಖ್ಯೆ ಮುಂದೆ ಹೋಗುತ್ತದೆ. ಮಟ್ಟ ಬೇಕಾದರೆ ಲೆವೆಲ್ ಫೈಲನ್ನೇ ಓದಿ.

ಕರ್ನಲ್ಲಿಗೆ ಇದೆಲ್ಲ ಹೇಗೆ ಗೊತ್ತು? ಇಂಟೆಲ್, ಎಎಂಡಿ ಚಿಪ್‌ಗಳಲ್ಲಿ ಸಿಪಿಯುಐಡಿ ಎಂಬ ಇನ್‌ಸ್ಟ್ರಕ್ಷನ್ ಇದೆ. ಅದನ್ನು ಓಡಿಸಿ ಪ್ರೊಸೆಸರನ್ನೇ ಕೇಳುತ್ತದೆ. ಆರ್ಮ್ ಬೋರ್ಡುಗಳಲ್ಲಿ ಡಿವೈಸ್ ಟ್ರೀ ಎಂಬ ವಿವರಣೆ ಅಥವಾ ಫರ್ಮ್‌ವೇರ್, ಅಂದರೆ ಯಂತ್ರದೊಳಗೇ ತುಂಬಿಟ್ಟ ಪ್ರೋಗ್ರಾಂ, ಕೊಡುವ ಟೇಬಲ್ ನೋಡುತ್ತದೆ. ಹಾಗಾಗಿ ಫರ್ಮ್‌ವೇರ್ ತಪ್ಪು ಹೇಳಿದರೆ ಆ ತಪ್ಪು ಫೈಲಿನವರೆಗೂ ಬರಬಹುದು. ಬಾಡಿಗೆಗೆ ಪಡೆದ ವರ್ಚುವಲ್ ಯಂತ್ರದಲ್ಲಂತೂ ಅದನ್ನು ನಡೆಸುವ ಹೈಪರ್‌ವೈಸರ್ ಎಂಬ ಪ್ರೋಗ್ರಾಂ ತೋರಿಸಿದ ಚಿತ್ರವೇ ನಿಮಗೆ ಕಾಣುವುದು. ಕೆಳಗಿನ ನಿಜವಾದ ಚಿಪ್ಪು ಬೇರೆ ಥರ ಇರಬಹುದು.

ಕೋರ್ ಎಷ್ಟು ಎಂದು ತಿಳಿಯಲು ಥ್ರೆಡ್ ಲೆಕ್ಕವನ್ನು ಸುಮ್ನೆ ಎರಡರಿಂದ ಭಾಗಿಸಿದರೆ ಸಾಕು ಎನ್ನುವವರಿಗೆ ಒಂದು ಉದಾಹರಣೆ. 2021 ರಲ್ಲಿ ಬಂದ ಇಂಟೆಲ್ ಐ9-12900ಕೆ ಚಿಪ್ಪಿನಲ್ಲಿ 24 ಥ್ರೆಡ್. ಅರ್ಧ ಮಾಡಿದರೆ 12. ಆದರೆ ಅದರಲ್ಲಿರುವುದು 16 ಕೋರ್. 8 ದೊಡ್ಡ ಕೋರ್‌ಗಳಿಗೆ ಎರಡೆರಡು ಥ್ರೆಡ್, 8 ಚಿಕ್ಕ ಕೋರ್‌ಗಳಿಗೆ ಒಂದೊಂದೇ.

ಈ ಲೆಕ್ಕ ಯಂತ್ರ ಓಡುತ್ತಿರುವಾಗಲೇ ಬದಲಾಗುತ್ತದೆ. ಹಳೆ ಲ್ಯಾಪ್‌ಟಾಪಿನಲ್ಲಿ ಸಿಪಿಯು3 ರ ಆನ್‌ಲೈನ್ ಫೈಲಿಗೆ 0 ಬರೆದು ಅದನ್ನು ಆರಿಸಿದೆ, ಪರದೆ ನೋಡಿ. ಸಿಪಿಯು3 ರ ಟೊಪಾಲಜಿ ಫೋಲ್ಡರೇ ಮಾಯ. ಅದರ ಜೋಡಿಯಾದ ಸಿಪಿಯು1 ರ ಪಟ್ಟಿಯಲ್ಲಿ ಈಗ '1' ಒಂದೇ ಉಳಿದಿದೆ. ಮತ್ತೆ 1 ಬರೆಯುತ್ತೇನೆ. ಬಂತು. ಹೀಗೆ ಬರೆಯುವುದಕ್ಕೆ ರೂಟ್, ಅಂದರೆ ಯಂತ್ರದ ಮೇಲ್ವಿಚಾರಕನ, ಅನುಮತಿ ಬೇಕು, ಓದುವುದಕ್ಕೆ ಬೇಡ.

ಇಷ್ಟನ್ನೂ ಒಟ್ಟಿಗೆ ನೋಡಲು ಎಲ್‌ಎಸ್‌ಸಿಪಿಯು ಎಂಬ ಕಮಾಂಡ್ ಇದೆ. ಅದು ಹೆಚ್ಚಿನದನ್ನು ಇದೇ ಫೈಲುಗಳಿಂದ ಓದಿ ಹೇಳುತ್ತದೆ. ನೋಡಲು ಅದು ಒಳ್ಳೆಯದು. ಸ್ಕ್ರಿಪ್ಟು ಬರೆಯುವಾಗ ಮಾತ್ರ ಅದರ ಸಾಲುಗಳ ಹೆಸರನ್ನು ಹುಡುಕಬೇಡಿ. ಯಂತ್ರದ ಭಾಷೆ ಬದಲಾದರೆ ಆ ಹೆಸರುಗಳೂ ಬದಲಾಗಬಹುದು. ಸಿಸ್ ಫೈಲಿನಲ್ಲಿ ಬರೀ '0,2'. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ ಯಾರೇ ಓದಲಿ, ಅದು '0,2'. ಏಳು ಭಾಷೆಯ ಈ ನೆಲದಲ್ಲಿ ನಿಂತು ಇದನ್ನು ಹೇಳುವಾಗ ಮನಸ್ಸು ತುಂಬಿ ಬರುತ್ತದೆ.

ಈಗ ನಿಮ್ಮ ಸರದಿ. ಶಾಲೆಯ ಲ್ಯಾಪ್‌ಟಾಪುಗಳಲ್ಲಿ ಕೈಟ್ ಗ್ನು ಲಿನಕ್ಸ್ ಇದೆ, ಬೇರೇನೂ ಹಾಕಬೇಕಾಗಿಲ್ಲ. ಟರ್ಮಿನಲ್ ತೆರೆಯಿರಿ. ಬೋರ್ಡಿನ ಮೇಲಿನ ದಾರಿ ಹಿಡಿದು ಸಿಪಿಯು0 ರ ಜೋಡಿ ಯಾರು ಎಂದು ನೋಡಿ. '0-1' ಬಂದವರು ಎಡಗಡೆ, '0,2' ಬಂದವರು ಬಲಗಡೆ ಬನ್ನಿ. ಬರೀ '0' ಬಂದವರು ನನ್ನ ಹತ್ತಿರ ಬನ್ನಿ. ನಿಮ್ಮ ಯಂತ್ರದಲ್ಲಿ ಹೈಪರ್‌ಥ್ರೆಡಿಂಗ್ ಇಲ್ಲವೋ, ಇದ್ದರೂ ಯಾರಾದರೂ ಆರಿಸಿದ್ದಾರೋ ಎಂದು ಒಟ್ಟಿಗೆ ನೋಡೋಣ.