ಪಾಸು ಕೈಗೆ ಬಂದ ತಕ್ಷಣ ಓದಿ

ಕೇಳುಗರಿಗೆ ನಮಸ್ಕಾರ. ಮೂವತ್ತು ವರ್ಷ ಹಳ್ಳಿ ರೂಟುಗಳಲ್ಲಿ ಸೀಟಿ ಊದಿದ ಕಂಡಕ್ಟರ್ ನಾನು. ಸರ್ಕಾರಿ ಬಸ್ಸಿನ ರಿಯಾಯಿತಿಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಾನು ಹೇಳೋದು ಒಂದೇ ಮಾತು: ಪಾಸು ಕೈಗೆ ಬಂದ ತಕ್ಷಣ ಓದಿ. ಫೋಟೋ ಚೆನ್ನಾಗಿ ಬಂದಿದೆಯಾ ಅಂತಲ್ಲ. ಎಲ್ಲಿಂದ, ಎಲ್ಲಿಗೆ, ಆ ಎರಡು ಹೆಸರು ನೋಡಿ.

ವಿದ್ಯಾರ್ಥಿ ಪಾಸಿಗೆ ಈಗ ಅರ್ಜಿ ಹಾಕೋದು ಸೇವಾ ಸಿಂಧು ಅನ್ನೋ ಸರ್ಕಾರದ ಆನ್‌ಲೈನ್ ತಾಣದಲ್ಲಿ. ಅರ್ಜಿ ತುಂಬಿಕೊಡೋ ಹುಡುಗನಿಗೆ ನಿಮ್ಮೂರು ಗೊತ್ತಿರಬೇಕು ಅಂತೇನಿಲ್ಲ. ಪಟ್ಟಿಯಲ್ಲಿ ಹೊಸಹಳ್ಳಿ ಅಂತ ಕಂಡರೆ ಒತ್ತಿಬಿಡ್ತಾನೆ. ನಮ್ಮ ರಾಜ್ಯದಲ್ಲಿ ಹೊಸಹಳ್ಳಿಗಳಿಗೇನು ಬರವೇ?

ಹಿಂದೊಂದು ಜುಲೈ, ಜಿಟಿಜಿಟಿ ಮಳೆ. ಬೆಳಗಿನ ಟ್ರಿಪ್ಪು, ಫುಟ್‌ಬೋರ್ಡಿನ ತನಕ ಜನ. ಪಿಯುಸಿ ಹುಡುಗನೊಬ್ಬ ಪಾಸು ತೋರಿಸಿದ. ಆಗ ಕಾಗದದ ಕಾರ್ಡು. ಲ್ಯಾಮಿನೇಷನ್ ಮಾಡಿಸಿ, ದಾರ ಕಟ್ಟಿ ಕೊರಳಿಗೆ ಹಾಕ್ಕೊಂಡಿದ್ದ. ನೋಡ್ತೀನಿ, ಹೊಸಹಳ್ಳಿ ಗೇಟ್ ಅಂತಿದೆ. ಅವನು ಹತ್ತಿದ್ದು ಹೊಸಹಳ್ಳಿಯಲ್ಲಿ, ಎರಡು ಸ್ಟೇಜು ಹಿಂದೆ.

"ಲೋ, ಇದು ಗೇಟಿನಿಂದ ಕಣೋ."

"ಸಾರ್, ಒಂದು ತಿಂಗಳಿಂದ ಇದರಲ್ಲೇ ಬರ್ತಿದೀನಲ್ಲ!"

ಅಷ್ಟರಲ್ಲಿ ಮುಂದಿನ ಸ್ಟಾಪಿನಲ್ಲಿ ಚೆಕಿಂಗಿನವರು ನಿಂತಿದ್ದು ಕಂಡಿತು. ಟಿಕೆಟ್ ಕೊಡದಿದ್ದರೆ ಮೆಮೋ ನನಗೆ. ಹುಡುಗ ಜೇಬೆಲ್ಲ ತಡಕಿದ, ಎರಡು ರೂಪಾಯಿ ಕಮ್ಮಿ. ಹಿಂದಿನ ಸೀಟಿನಲ್ಲಿ ಮಿಲಿಟರಿಯಿಂದ ನಿವೃತ್ತರಾದ ಹಿರಿಯರಿದ್ದರು, ಸುಬೇದಾರ್ ಸಾಹೇಬರು ಅಂತಲೇ ಕರೀತಿದ್ವಿ. ಆ ಎರಡು ರೂಪಾಯಿ ನನ್ನ ಕೈಗಿಟ್ಟು ಕೇಳಿದರು: "ಮಗು ಓದಲಿಲ್ಲ, ಸರಿ. ನೀವೂ ಒಂದು ತಿಂಗಳು ಓದಲಿಲ್ಲವಲ್ಲ ಕಂಡಕ್ಟ್ರೇ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಚಿಲ್ಲರೆ ಎಣಿಸೋ ಹಾಗೆ ಮಾಡಿ ಮುಂದೆ ಹೋದೆ.

ಅಯ್ಯೋ, ಇದಕ್ಕೇ ಸಮಯ ಆಗೋಯ್ತು. ಮಿಕ್ಕಿದ್ದು ಬೇಗ ಹೇಳಿಬಿಡ್ತೀನಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ರಾಜ್ಯದೊಳಗೆ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ. ಆದರೂ ಶೂನ್ಯ ಟಿಕೆಟ್ ಇಸ್ಕೊಳ್ಳಿ ತಾಯಂದಿರೇ, ಬೇಡ ಬಿಡಪ್ಪಾ ಅನ್ನಬೇಡಿ. 60 ದಾಟಿದ ಯಜಮಾನರಿಗೆ ಶೇಕಡಾ 25 ರಿಯಾಯಿತಿ. ವಯಸ್ಸಿನ ದಾಖಲೆಯನ್ನ ಟಿಕೆಟ್ ಬರೋ ಮೊದಲೇ ತೋರಿಸಿ, ಬಂದ ಮೇಲೆ ಜಗಳ ಬೇಡ. ಹುತಾತ್ಮ ಯೋಧರ ಅವಲಂಬಿತರಿಗೆ ಉಚಿತ ಪಾಸು ಉಂಟು. ನಿಮ್ಮ ಬೀದಿಯಲ್ಲಿ ಅಂಥ ಮನೆ ಇದ್ದರೆ ಹೋಗಿ ಹೇಳಿ.

ಗಂಡುಹುಡುಗರ ಅಪ್ಪ ಅಮ್ಮಂದಿರೇ, ಸಂಜೆ ಮಗ ಬಂದ ಮೇಲೆ ಆ ಪಾಸು ಇಸ್ಕೊಳ್ಳಿ. ಎಲ್ಲಿಂದ, ಎಲ್ಲಿಗೆ, ಜೋರಾಗಿ ಓದಿಸಿ. ನಮಸ್ಕಾರ.