ಫೋಟೋ ಮಗ್‌ಗೆ ಬಿಳಿ ಬಣ್ಣವೇ ಯಾಕೆ ಬೇಕು?

[ದೃಶ್ಯ: ಗಿಫ್ಟ್ ಅಂಗಡಿಯ ಶೆಲ್ಫ್, ಸಾಲಾಗಿ ಫೋಟೋ ಮಗ್‌ಗಳು]

ಅಂಗಡಿಯಲ್ಲಿ ಕಡು ನೀಲಿ ಮಗ್ ತೋರಿಸಿ, "ಇದರ ಮೇಲೆ ನಮ್ಮ ಫೋಟೋ ಹಾಕಿಕೊಡಿ" ಎಂದು ಕೇಳಿ ನೋಡಿ. "ಬರಲ್ಲ ಸರ್, ಬಿಳೀದೇ ತಗೊಳ್ಳಿ" ಅನ್ನುತ್ತಾರೆ. ಸ್ಟಾಕ್ ಖಾಲಿ ಮಾಡಲು ಹೇಳುವ ಮಾತಲ್ಲ ಅದು. ನಿಜವಾಗಿಯೂ ಬರುವುದಿಲ್ಲ.

ಕಾರಣ ಇಂಕ್‌ನಲ್ಲಿದೆ. ಬೀರುವಿನಲ್ಲಿಡುವ ನುಸಿಗುಳಿಗೆ ನೋಡಿದ್ದೀರಿ ಅಲ್ವಾ? ಕರಗಿ ನೀರಾಗುವುದಿಲ್ಲ, ಸವೆದು ಸವೆದು ಗಾಳಿಗೆ ಸೇರಿಬಿಡುತ್ತದೆ. ಗಟ್ಟಿ ವಸ್ತು ಹೀಗೆ ನೇರವಾಗಿ ಆವಿಯಾಗುವುದೇ ಸಬ್ಲಿಮೇಷನ್. ಫೋಟೋ ಮಗ್‌ನ ಇಂಕ್‌ನಲ್ಲಿರುವ ಬಣ್ಣಗಳೂ ಹೀಗೇ, ಆದರೆ ಅವಕ್ಕೆ 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಬೇಕು. 1957ರಲ್ಲಿ ಫ್ರಾನ್ಸಿನ ಜವಳಿ ಕಂಪನಿಯೊಂದರಲ್ಲಿದ್ದ ನೊಯೆಲ್ ದ ಪ್ಲಾಸ್ ಇದನ್ನು ಕಂಡುಕೊಂಡರು. ಮೊದಲು ಬಳಸಿದ್ದು ಬಟ್ಟೆಗೆ. ಒಂದೇ ಒಂದು ಮಗ್‌ಗೆ ನಿಮ್ಮದೇ ಫೋಟೋ ಹಾಕುವ ಸುಖ ಬಂದದ್ದು ಕಂಪ್ಯೂಟರ್, ಇಂಕ್‌ಜೆಟ್ ಪ್ರಿಂಟರ್ ಬಂದ ಮೇಲೆಯೇ.

[ದೃಶ್ಯ: ಪ್ರಿಂಟರ್‌ನಿಂದ ಹೊರಬರುವ ಕಾಗದ, ಹತ್ತಿರದಿಂದ]

ಈ ಪ್ರಿಂಟ್ ನೋಡಿ. ಫೋಟೋ ಎಡಬಲ ತಿರುಗಿದೆ. ಬಣ್ಣವೂ ಮಂಕು, ಹಳೇ ಕ್ಯಾಲೆಂಡರ್ ಬಿಸಿಲಿಗೆ ಬಿದ್ದ ಹಾಗೆ. ಗಾಬರಿ ಬೇಡ. ಈ ಕಾಗದವನ್ನು ಮಗ್‌ಗೆ ಸುತ್ತಿ, ಬಿಸಿ ತಾಳುವ ಟೇಪ್ ಹಾಕಿ, ಪ್ರೆಸ್‌ನಲ್ಲಿಟ್ಟು ಬಿಗಿ ಮಾಡುತ್ತಾರೆ. ಕೆಲವು ನಿಮಿಷ, ಅಷ್ಟೇ.

ಬಣ್ಣ ಆವಿಯಾಗುತ್ತದೆ. ಪಿಂಗಾಣಿಗೆ ಅದನ್ನು ಹೀರಿಕೊಳ್ಳಲು ಬರುವುದಿಲ್ಲ. ಅದಕ್ಕೇ ಈ ಮಗ್‌ಗಳ ಮೇಲೆ ಪ್ಲಾಸ್ಟಿಕ್ ಜಾತಿಯ ತೆಳುವಾದ ಕೋಟಿಂಗ್ ಮೊದಲೇ ಹಾಕಿರುತ್ತಾರೆ. ಆವಿ ಅದರೊಳಗೆ ಇಳಿಯುತ್ತದೆ, ತಣ್ಣಗಾದ ಮೇಲೆ ಅಲ್ಲೇ ಉಳಿಯುತ್ತದೆ. ಫೋಟೋ ಮೇಲೆ ಉಗುರು ಆಡಿಸಿದರೂ ಅಂಚು ಸಿಗದಿರುವುದು ಇದೇ ಕಾರಣಕ್ಕೆ. ಕಾಗದ ಬಿಚ್ಚುವಾಗ ಬಿಸಿಯಲ್ಲೇ ಸ್ವಲ್ಪ ಜರುಗಿದರೆ ಮಾತ್ರ ಮುಖದ ಪಕ್ಕ ಇನ್ನೊಂದು ನೆರಳು ಮುಖ ಮೂಡುತ್ತದೆ.

ಇನ್ನು ಬಿಳಿ ಬಣ್ಣದ ವಿಷಯ. ಈ ಇಂಕ್‌ಗಳಲ್ಲಿ ಬಿಳಿ ಅನ್ನುವುದೇ ಇಲ್ಲ. ಎಲ್ಲವೂ ಪಾರದರ್ಶಕ. ಫೋಟೋದಲ್ಲಿ ನಿಮ್ಮ ಹಲ್ಲು ಬೆಳ್ಳಗೆ ಕಾಣುವುದು ಅಲ್ಲಿ ಇಂಕ್ ಬೀಳದೆ ಮಗ್‌ನ ಬಿಳಿ ಹಾಗೇ ಉಳಿದಿರುವುದರಿಂದ. ನೀಲಿ ಮಗ್‌ನಲ್ಲಾದರೆ ಹಲ್ಲೂ ನೀಲಿ!

[ದೃಶ್ಯ: ಕಪ್ಪು ಮಗ್‌ಗೆ ಬಿಸಿನೀರು, ನಿಧಾನವಾಗಿ ಮೂಡುವ ಫೋಟೋ]

"ಹಾಗಾದರೆ ಮ್ಯಾಜಿಕ್ ಮಗ್ ಕಪ್ಪಲ್ವಾ?" ಅನ್ನುತ್ತೀರಿ. ನನಗೆ ತುಂಬಾ ಇಷ್ಟವಾದ ಜಾಣತನ ಇದೇ. ಒಳಗೆ ಅದೂ ಬಿಳಿ ಮಗ್ಗೇ. ಅದರ ಮೇಲಿನ ಕಪ್ಪು ಪದರ ಬಿಸಿಯಾದಾಗ ಬಣ್ಣ ಕಳೆದುಕೊಳ್ಳುತ್ತದೆ. ಆ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿರುತ್ತವೆ. ಪ್ರತಿ ಗುಳಿಗೆಯಲ್ಲೂ ಒಂದು ಬಣ್ಣ, ಅದನ್ನು ಕಪ್ಪಾಗಿಸುವ ಇನ್ನೊಂದು ವಸ್ತು, ಜೊತೆಗೆ ಮೇಣದಂಥದ್ದು. ಬಿಸಿಗೆ ಮೇಣ ಕರಗಿದರೆ ಆ ಎರಡರ ನಂಟು ಬಿಡುತ್ತದೆ, ಕಪ್ಪು ಮಾಯ. ತಣ್ಣಗಾದರೆ ಮತ್ತೆ ಕಪ್ಪು. ಫೋಟೋ ಯಾವಾಗಲೂ ಅಲ್ಲೇ ಇರುತ್ತದೆ, ಪಾರದರ್ಶಕವಾದ್ದರಿಂದ ಕಪ್ಪಿನ ಮೇಲೆ ಕಾಣುವುದಿಲ್ಲ ಅಷ್ಟೇ. ಇಂಕ್‌ನ ಕೊರತೆಯನ್ನೇ ಆಟ ಮಾಡಿಬಿಟ್ಟಿದ್ದಾರೆ! ಈ ಮಗ್ ಅನ್ನು ನಾರು ಹಾಕಿ ಉಜ್ಜಬೇಡಿ, ಕೈಯಲ್ಲಿ ಮೆಲ್ಲಗೆ ತೊಳೆಯಿರಿ.

ಟೀ ಶರ್ಟ್ ಕತೆಯೂ ಹೀಗೇ. ಪಾಲಿಯೆಸ್ಟರ್ ಆದರೆ ಬಣ್ಣ ನೂಲಿಗೇ ಇಳಿಯುತ್ತದೆ. ಕಾಟನ್ ಆದರೆ ಕೆಲವು ಒಗೆತಕ್ಕೇ ಮಸುಕು. ಕಾಟನ್‌ಗೆ ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್) ಪ್ರಿಂಟ್ ಕೇಳಿ. ಅದರಲ್ಲಿ ಬಿಳಿ ಇಂಕ್ ಇರುತ್ತದೆ, ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಬಟ್ಟೆಗೆ ಅಂಟಿಸುತ್ತಾರೆ. ಕಪ್ಪು ಶರ್ಟ್‌ಗೂ ನಡೆಯುತ್ತದೆ.

[ದೃಶ್ಯ: ಮೊಬೈಲ್ ಪರದೆ, ಗುಂಪು ಫೋಟೋದಲ್ಲಿ ಒಂದು ಮುಖವನ್ನು ಜೂಮ್ ಮಾಡುತ್ತಿರುವುದು]

ಆರ್ಡರ್ ಕೊಡುವ ಮುಂಚೆ ಇಷ್ಟು ಮಾಡಿ. ಮಗ್ ಸುತ್ತಲೂ ಬರುವ ಚಿತ್ರ ಸುಮಾರು 8 ಇಂಚು ಅಗಲ. ಇಂಚಿಗೆ 300 ಚುಕ್ಕಿ ಅಂದರೆ 2400 ಪಿಕ್ಸೆಲ್ ಬೇಕು. ಮದುವೆ ಗುಂಪು ಫೋಟೋದಿಂದ ಕತ್ತರಿಸಿದ ಒಂದು ಮುಖದಲ್ಲಿ ಅಷ್ಟು ಎಲ್ಲಿಂದ ಬರಬೇಕು? ಒರಿಜಿನಲ್ ಫೋಟೋವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಅದು ಕುಗ್ಗುವುದಿಲ್ಲ. ಮುಖ್ಯವಾದ ಮುಖ ಹಿಡಿಕೆಯ ಹತ್ತಿರ ಬಾರದಂತೆಯೂ ಹೇಳಿ. ಅಲ್ಲಿಗೆ ಪ್ರೆಸ್‌ನ ಬಿಸಿ ಸರಿಯಾಗಿ ತಲುಪುವುದಿಲ್ಲ.